ಸಾದೊ: ಗಡಿಪಾರಾದವರ ದ್ವೀಪ

*ಇಂದಿನ ಓದು*



ನಿಚಿರೆನ್ ಅವರ ಪತ್ರಗಳನ್ನು ಓದಲು ಶುರು ಮಾಡಿದಾಗಿನಿಂದ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. “ಮೇಷ್ಟ್ರೇ, ಎಲ್ಲಿ ನೋಡಿದರೂ ಸಾದೊ ಸಾದೊ ಅಂತ ಬರುತ್ತಲ್ಲ, ಅದು ಊರೋ ಜೈಲೋ?” ಎರಡೂ ಹೌದು. ಅಲ್ಲಿ ಬಹಳ ಹಿಂದಿನಿಂದ ಜನ ಉತ್ತು ಬಿತ್ತು ಮೀನು ಹಿಡಿದು ಬದುಕಿದ್ದಾರೆ. ಅದೇ ನೆಲವನ್ನು ಸರ್ಕಾರಗಳು ಸಾವಿರಕ್ಕೂ ಹೆಚ್ಚು ವರ್ಷ ತಮಗೆ ಬೇಡವಾದವರನ್ನು ಸಾಗಹಾಕಲು ಬಳಸಿಕೊಂಡಿವೆ. ಹಾಗಾಗಿ ಇವತ್ತು ಪತ್ರ ಬೇಡ, ಪತ್ರ ಹುಟ್ಟಿದ ನೆಲದ ಕಥೆ ಓದೋಣ. ಸ್ವಲ್ಪ ಉದ್ದವಾಗಿದೆ. ಬೆಳಗಿನ ಕಾಫಿಯೊಳಗೆ ಮುಗಿಯದಿದ್ದರೆ ಉಳಿದದ್ದನ್ನು ಸಂಜೆಗೆ ಇಟ್ಟುಕೊಳ್ಳಿ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ದ್ವೀಪದ ಚರಿತ್ರೆ ಓದುವಾಗ ನನ್ನನ್ನು ಕಾಡಿದ್ದು ಹೆಸರುಗಳು. ಅಲ್ಲಿಗೆ ಬಲವಂತವಾಗಿ ಬಂದವರಲ್ಲಿ ಯಾರ ಹೆಸರು ಉಳಿಯಿತು, ಯಾರದ್ದು ಅಳಿಸಿಹೋಯಿತು, ಉಳಿದದ್ದು ಯಾವ ಪುಸ್ತಕದಲ್ಲಿ ಉಳಿಯಿತು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಜಪಾನಿನ ಭೂಪಟ ತೆರೆದರೆ, ಮುಖ್ಯ ದ್ವೀಪ ಹೊನ್ಶುವಿನ ಪಶ್ಚಿಮ ಕರಾವಳಿಯಲ್ಲಿ ನಿಯಿಗಾತ ಕಾಣುತ್ತದೆ. ಅದರ ಎದುರಿಗೆ ಕಡಲಿನಲ್ಲಿ ಸಾದೊ ಇದೆ. ತೀರಾ ಹತ್ತಿರದ ದಡದಿಂದ ಅಳೆದರೂ 30 ಕಿಲೋಮೀಟರಿಗೆ ಕಡಿಮೆಯಿಲ್ಲ. ವಿಸ್ತೀರ್ಣ ಸುಮಾರು 855 ಚದರ ಕಿಲೋಮೀಟರು. ನಮ್ಮ ಹಳೆಯ ಬಿಬಿಎಂಪಿ ವ್ಯಾಪ್ತಿಗಿಂತ ತುಸು ದೊಡ್ಡದು ಎಂದುಕೊಳ್ಳಿ. ಉತ್ತರಕ್ಕೊಂದು, ದಕ್ಷಿಣಕ್ಕೊಂದು ಬೆಟ್ಟದ ಸಾಲು ಓರೆಯಾಗಿ ಮಲಗಿವೆ. ಇವೆರಡರ ನಡುವೆ ಭತ್ತದ ಬಯಲು. ಚಳಿಗಾಲದಲ್ಲಿ ಸೈಬೀರಿಯಾ ಕಡೆಯಿಂದ ಬೀಸುವ ಗಾಳಿ ಕಡಲ ತೇವ ಹೊತ್ತು ತಂದು ಹಿಮ ಸುರಿಸುತ್ತದೆ. ಅಲೆ ಎದ್ದ ದಿನಗಳಲ್ಲಿ ಹಳೆಯ ಕಾಲದ ದೋಣಿ ದಾಟುವ ಮಾತೇ ಇರಲಿಲ್ಲ. ಗೋಡೆ ಕಟ್ಟದೆಯೇ ಸೆರೆಮನೆ ಸಿದ್ಧವಾಗಿತ್ತು.

ಆದರೆ ಕಾಗದದ ಮೇಲೆ ಅದು ಸೆರೆಮನೆಯಲ್ಲ, ಪೂರ್ಣ ಮರ್ಯಾದೆಯ ಒಂದು ಪ್ರಾಂತ್ಯ. ಹಳೆಯ ಜಪಾನ್ ಅರವತ್ತಕ್ಕೂ ಹೆಚ್ಚು ಪ್ರಾಂತ್ಯಗಳಾಗಿ ಹಂಚಿಹೋಗಿತ್ತು. ಸಾದೊ ಅವುಗಳಲ್ಲೊಂದು. ಅದಕ್ಕೆ ತನ್ನದೇ ಮೂರು ತಾಲ್ಲೂಕು, ತನ್ನದೇ ಕಚೇರಿ. 743ರಲ್ಲಿ ಇದನ್ನು ಪಕ್ಕದ ಎಚಿಗೊ ಪ್ರಾಂತ್ಯಕ್ಕೆ ಸೇರಿಸಿದರು, 752ರಲ್ಲಿ ಮತ್ತೆ ಬೇರೆ ಮಾಡಿದರು. ಆ ನಡುವಿನ ಒಂಬತ್ತು ವರ್ಷ ಬಿಟ್ಟರೆ ಹತ್ತೊಂಬತ್ತನೇ ಶತಮಾನದವರೆಗೂ ಸಾದೊ ಪ್ರಾಂತ್ಯವಾಗಿಯೇ ಇತ್ತು. 741ರಲ್ಲಿ ಚಕ್ರವರ್ತಿ ಶೋಮು ಪ್ರತಿ ಪ್ರಾಂತ್ಯಕ್ಕೂ ಸರ್ಕಾರಿ ವಿಹಾರ ಕಟ್ಟಿಸಬೇಕೆಂದು ಆಜ್ಞೆ ಹೊರಡಿಸಿದಾಗ ಸಾದೊಗೂ ಒಂದು ವಿಹಾರ ಬಂತು. ಅದರ ತಳಪಾಯದ ಕಲ್ಲುಗಳು ಇಂದಿಗೂ ಅಲ್ಲಿವೆ. ನಮ್ಮ ಬಳಗ ಇದನ್ನು ಗಮನಿಸಬೇಕು: ಜಪಾನಿನ ಈ ಮೂಲೆಗೂ ಬೌದ್ಧಧರ್ಮ ಸರ್ಕಾರದ ಜೊತೆಯಲ್ಲೇ ಹೋಯಿತು. ಕಂದಾಯದ ಕಚೇರಿ, ಅದರ ಹತ್ತಿರವೇ ವಿಹಾರ. ಈ ಜೋಡಿಯ ಫಲ ಏನಾಯಿತು ಎಂಬುದು ಮುಂದೆ ಬರುತ್ತದೆ.

ಗಡಿಪಾರಿನ ಕಾನೂನನ್ನು ಜಪಾನ್ ಚೀನಾದ ತಾಂಗ್ ಅರಸರ ಸಂಹಿತೆಯಿಂದ ಕಲಿತಿತ್ತು. ಹತ್ತಿರ, ನಡುವೆ, ದೂರ ಎಂದು ಮೂರು ಬಗೆ. ತಪ್ಪು ದೊಡ್ಡದಾದಷ್ಟೂ ದೂರ ಹೆಚ್ಚು. 724ರಲ್ಲಿ ದೂರದ ಗಡಿಪಾರಿಗೆಂದು ಆರು ಪ್ರಾಂತ್ಯಗಳನ್ನು ಗುರುತಿಸಿದರು. ಅದರಲ್ಲಿ ಸಾದೊ ಒಂದು. ಅದಕ್ಕೂ ಎರಡು ವರ್ಷ ಮೊದಲೇ, 722ರಲ್ಲಿ, ಹೊಜುಮಿ ನೊ ಓಯು ಎಂಬ ಅಧಿಕಾರಿಯನ್ನು ಅಲ್ಲಿಗೆ ಕಳುಹಿಸಿದ್ದರು. ಆತ ಮಾಡಿದ ಅಪರಾಧ ಸಿಂಹಾಸನವನ್ನು ಟೀಕಿಸಿದ್ದು. ಮರಣದಂಡನೆ ಆಗಬೇಕಿತ್ತು. ಯುವರಾಜನ ಮಾತಿನಿಂದ ಅದು ಗಡಿಪಾರಿಗೆ ಇಳಿಯಿತು. 740ರಲ್ಲಿ ಕ್ಷಮೆ ಸಿಗುವ ಹೊತ್ತಿಗೆ ಹದಿನೆಂಟು ವರ್ಷ ಕಳೆದಿತ್ತು. ಒಂದು ಮಾತಿಗೆ ಹದಿನೆಂಟು ವರ್ಷ.

ಹೀಗೆ ಬಂದವರಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಚಕ್ರವರ್ತಿ ಜುಂತೊಕುವಿನದು. 1221ರಲ್ಲಿ ಅವನ ತಂದೆ ಗೊ-ತೊಬಾ, ಕಾಮಾಕುರದಲ್ಲಿ ಕೂತು ದೇಶ ಆಳುತ್ತಿದ್ದ ಸೇನಾ ಸರ್ಕಾರದ ವಿರುದ್ಧ ದಂಡೆತ್ತಿ ಸೋತ. ಸೋತವರಿಗೆ ದ್ವೀಪಗಳನ್ನು ಹಂಚಿದರು. ತಂದೆಗೆ ಓಕಿ, ಮಗನಿಗೆ ಸಾದೊ. ಆಗ ಜುಂತೊಕುವಿಗೆ ಇಪ್ಪತ್ತೈದೂ ತುಂಬಿರಲಿಲ್ಲ. ಇಪ್ಪತ್ತೊಂದು ವರ್ಷ ಅಲ್ಲೇ ಇದ್ದು 1242ರಲ್ಲಿ ತೀರಿಕೊಂಡ. ಊರಿಗೆ ಮರಳಲೇ ಇಲ್ಲ. ಅವನು ಕವಿ, ಕಾವ್ಯಮೀಮಾಂಸೆ ಬಲ್ಲವನು. ಅರಸೊತ್ತಿಗೆಯಲ್ಲಿದ್ದಾಗ ಶುರು ಮಾಡಿದ ‘ಯಾಕುಮೊ ಮಿಶೋ’ ಎಂಬ ಕಾವ್ಯಲಕ್ಷಣ ಗ್ರಂಥವನ್ನು ಸಾದೊದಲ್ಲಿ ಮುಂದುವರಿಸಿದ. ಅರಸನ ಹೆಸರಿಗೆ ಅಂಟಿದ ಲಕ್ಷಣಗ್ರಂಥ ಎಂದರೆ ಕನ್ನಡ ಎಂಎ ಮಾಡಿದ ನನ್ನಂಥವನಿಗೆ ಕವಿರಾಜಮಾರ್ಗ ನೆನಪಾಗದೆ ಇರುತ್ತದೆಯೆ? ಇಬ್ಬರಿಗೂ ಒಂದು ವ್ಯತ್ಯಾಸವಿದೆ. ನೃಪತುಂಗನ ಆಸ್ಥಾನದಲ್ಲಿ ಕೇಳಲು ಕವಿಗಳಿದ್ದರು. ಸಾದೊದಲ್ಲಿ ಜುಂತೊಕುವಿನ ಸುತ್ತ ಇದ್ದವರು ಜೊತೆಗೆ ಬಂದ ಕೆಲವೇ ಮಂದಿ.

ಇನ್ನು ನಿಚಿರೆನ್. 1222ರಲ್ಲಿ, ಅಂದರೆ ಜುಂತೊಕು ಸಾದೊಗೆ ಹೋದ ಮರುವರ್ಷ, ಪೂರ್ವ ಕರಾವಳಿಯ ಅವಾ ಪ್ರಾಂತ್ಯದ ಮೀನುಗಾರರ ಹಳ್ಳಿಯಲ್ಲಿ ಹುಟ್ಟಿದವರು. ಸದ್ಧರ್ಮಪುಂಡರೀಕ ಸೂತ್ರವೊಂದೇ ಈ ಕಾಲಕ್ಕೆ ದಾರಿ ಎಂದರು. ಅಮಿದಾ ಬುದ್ಧನ ನಾಮಜಪ ಮಾಡುವವರನ್ನು, ಜೆನ್ ಗುರುಗಳನ್ನು, ಎಲ್ಲರನ್ನೂ ಕಟುವಾಗಿ ಟೀಕಿಸಿದರು. 1260ರಲ್ಲಿ ಸರ್ಕಾರಕ್ಕೇ ಒಂದು ಪ್ರಬಂಧ ಬರೆದು, ಬೇರೆ ಪಂಥಗಳಿಗೆ ದಾನ ಕೊಡುವುದು ನಿಲ್ಲಬೇಕು ಎಂದರು. ನಿಜ ಹೇಳಬೇಕೆಂದರೆ ಈ ಭಾಗ ನನಗೆ ಇಷ್ಟವಾಗುವುದಿಲ್ಲ. ದೊರೆಯ ಕೈಯಿಂದ ಇನ್ನೊಬ್ಬರ ಬಾಯಿ ಮುಚ್ಚಿಸಬೇಕೆಂದು ಕೇಳಿದವರ ಬಾಯನ್ನು ಅದೇ ದೊರೆ ಮುಚ್ಚಿಸಲು ಹೊರಟ. 1261ರಲ್ಲಿ ಇಜು ಎಂಬಲ್ಲಿಗೆ ಮೊದಲ ಗಡಿಪಾರು. 1271ರ ಒಂಬತ್ತನೇ ತಿಂಗಳಲ್ಲಿ ಮತ್ತೆ ಬಂಧನ. ತಲೆ ಕಡಿಯುವವರೆಗೂ ಹೋಗಿ ತಪ್ಪಿತು, ಸಾದೊ ಎಂದಾಯಿತು. ಅಲ್ಲಿನ ಚಾಂದ್ರಮಾನದ ಲೆಕ್ಕದಲ್ಲಿ ಹತ್ತನೇ ತಿಂಗಳ 28ಕ್ಕೆ ದೋಣಿ ಸಾದೊ ಮುಟ್ಟಿತು. ಅಂದರೆ ಚಳಿಗಾಲದ ಬಾಗಿಲಲ್ಲಿ.

ಅವರನ್ನು ಇಟ್ಟ ಜಾಗದ ಹೆಸರು ತ್ಸುಕಾಹಾರ. ಹೆಣಗಳನ್ನು ತಂದು ಬಿಡುವ ಬಯಲು. ಅದರ ನಡುವೆ ಒಂದು ಪಾಳು ಗುಡಿ. ಚಾವಣಿಯ ಹಲಗೆಗಳ ನಡುವೆ ಸಂದು, ಗೋಡೆ ಉದುರಿದ್ದು, ಒಳಗೆ ಬಿದ್ದ ಹಿಮ ಕರಗುತ್ತಿರಲಿಲ್ಲ. ಈ ಗುಡಿಗೆ ‘ಸನ್ಮಾಯ್-ದೋ’ ಎನ್ನುತ್ತಿದ್ದರು. ಈ ಪದದ ಮೇಲೆ ಒಂದು ನಿಮಿಷ ನಿಲ್ಲಬೇಕು. ‘ದೋ’ ಎಂದರೆ ಗುಡಿ, ಮಂಟಪ. ‘ಸನ್ಮಾಯ್’ ಎಂದರೆ ನಮ್ಮ ‘ಸಮಾಧಿ’ಯೇ! ಸಂಸ್ಕೃತ, ಪಾಲಿಯ ಸಮಾಧಿ ಚೀನಾಕ್ಕೆ ಹೋಗಿ ಅಲ್ಲಿನ ಬಾಯಲ್ಲಿ ತಿರುಗಿ, ಜಪಾನಿಗೆ ಬಂದು ‘ಸನ್ಮಾಯ್’ ಆಯಿತು. ಮೊದಲಿಗೆ ಅದರ ಅರ್ಥ ಧ್ಯಾನದ ಏಕಾಗ್ರತೆ ಅಷ್ಟೆ. ಸ್ಮಶಾನಗಳ ಬಳಿ ಸತ್ತವರಿಗಾಗಿ ಸಾಧನೆ ಮಾಡುವ ಮಂಟಪಗಳನ್ನು ಕಟ್ಟುತ್ತಿದ್ದರು. ಕ್ರಮೇಣ ಸ್ಮಶಾನಕ್ಕೇ ‘ಸನ್ಮಾಯ್’ ಎಂಬ ಹೆಸರು ಬಂತು. ಕನ್ನಡದಲ್ಲೂ ಆದದ್ದು ಇದೇ ಅಲ್ಲವೆ? ಅಷ್ಟಾಂಗಮಾರ್ಗದ ಎಂಟನೆಯ ಅಂಗವೂ ಸಮಾಧಿ, ಊರಾಚೆಯ ಗೋರಿಯೂ ಸಮಾಧಿ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷೆಗಳು ಒಂದೇ ಪದವನ್ನು ಧ್ಯಾನದಿಂದ ಹೆಣದ ಕಡೆಗೆ ನಡೆಸಿಕೊಂಡು ಹೋಗಿವೆ. ಇದು ಕಾಣಿಸಿದ ದಿನ ನನಗೆ ಬಹಳ ಹೊತ್ತು ಬೇರೇನೂ ಓದಲಾಗಲಿಲ್ಲ.

ಸ್ಮಶಾನದಲ್ಲಿ ವಾಸಿಸುವುದು ಬೌದ್ಧರಿಗೆ ಹೊಸದಲ್ಲ. ಹದಿಮೂರು ಧುತಾಂಗಗಳಲ್ಲಿ ಸೋಸಾನಿಕ ಒಂದು ಎಂದು ನಾವು ಓದಿದ್ದೇವೆ. ಆದರೆ ತಾನಾಗಿ ಸ್ಮಶಾನಕ್ಕೆ ಹೋಗುವ ಭಿಕ್ಖು ಬೆಳಿಗ್ಗೆ ಪಾತ್ರೆ ಹಿಡಿದು ಊರೊಳಗೆ ಭಿಕ್ಷೆಗೆ ಬರಬಹುದು. ನಿಚಿರೆನ್ ಹಾಗೆ ಬರುವಂತಿರಲಿಲ್ಲ. ಮೇಲೆ ಕಾವಲು, ಸುತ್ತ ದ್ವೇಷ. ದ್ವೀಪದವರಲ್ಲಿ ಅನೇಕರು ಅಮಿದಾ ಭಕ್ತರು. ತಮ್ಮ ಜಪವನ್ನು ನರಕದ ದಾರಿ ಎಂದವನು ಇವನೇ ಎಂದು ಅವರಿಗೆ ಗೊತ್ತಿತ್ತು. 1272ರ ಮೊದಲ ತಿಂಗಳಲ್ಲಿ ಹಲವು ಪಂಥಗಳ ಭಿಕ್ಷುಗಳು ತ್ಸುಕಾಹಾರಕ್ಕೇ ಬಂದು ಅವರೊಡನೆ ವಾದ ಮಾಡಿದರು. ಆಮೇಲೆ ಅದೇ ವರ್ಷ ಅವರನ್ನು ಇಚಿನೊಸಾವ ಎಂಬ ಹಳ್ಳಿಗೆ ಸಾಗಿಸಿದರು. ಈ ಎರಡು ಜಾಗಗಳಲ್ಲೇ ಅವರ ಎರಡು ಮುಖ್ಯ ಗ್ರಂಥಗಳು ಹುಟ್ಟಿದವು. ತ್ಸುಕಾಹಾರದಲ್ಲಿ ಕಣ್ಣು ತೆರೆಸುವುದರ ಬಗೆಗಿನ ‘ಕಾಯ್ಮೊಕು-ಶೋ’ 1272ರ ಎರಡನೇ ತಿಂಗಳಲ್ಲಿ, ಇಚಿನೊಸಾವದಲ್ಲಿ ‘ಕಾಂಜಿನ್ ನೊ ಹೊಂಜೊನ್-ಶೋ’ 1273ರ ನಾಲ್ಕನೇ ತಿಂಗಳಲ್ಲಿ. ಕಾಗದಕ್ಕೂ ಬರ ಎಂದು ಅವರು ಬರೆದುಕೊಂಡಿದ್ದಾರೆ.

ಇನ್ನೊಂದು ಪದ ನೋಡಿ. ಸಾದೊ ಕಾಲದ ಬರಹಗಳಲ್ಲಿ ಅವರು ತನ್ನನ್ನು ‘ಸೆಂದಾರ’ನ ಮಗ ಎಂದು ಕರೆದುಕೊಳ್ಳುತ್ತಾರೆ. ಸೆಂದಾರ ಎಂದರೆ ಚಂಡಾಲ. ಈ ದೇಶದಲ್ಲಿ ಹುಟ್ಟಿದ ಪದ. ಸೂತ್ರಗಳ ಹೊರೆಯಲ್ಲಿ ಕರುಣೆ, ಶೂನ್ಯತೆ, ನಿರ್ವಾಣಗಳ ಜೊತೆ ಇದೂ ಸೇರಿಕೊಂಡು ಕಡಲು ದಾಟಿತು. ಅವರ ಮನೆತನ ನಿಜಕ್ಕೂ ಅಷ್ಟು ಕೆಳಗಿತ್ತೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಜೀವ ಕೊಂದು ಬದುಕುವ ಮೀನುಗಾರರನ್ನು ಕೀಳಾಗಿ ಕಾಣುವ ಸಮಾಜ ಅದಾಗಿತ್ತು ಎಂಬುದಂತೂ ನಿಜ. ನನಗೆ ಮುಖ್ಯವೆನಿಸುವುದು ಅವರು ಅದನ್ನು ಬಳಸಿದ ರೀತಿ. ಬ್ರಾಹ್ಮಣ ಮನೆಯಲ್ಲಿ ಹುಟ್ಟಿದ ಬಸವಣ್ಣನವರು ತನ್ನನ್ನು ಕೆಳಗಿನವರ ಮನೆಯ ಮಗ ಎಂದು ಕರೆದುಕೊಂಡದ್ದು ನಮಗೆ ಗೊತ್ತು. ಅದು ಮೇಲಿನಿಂದ ಇಳಿದು ಬಂದು ಹೇಳಿದ ಮಾತು. ಇಲ್ಲಿ ಕೆಳಗಿದ್ದವರೊಬ್ಬರು, ಹೌದು ಅಲ್ಲಿಂದಲೇ ಬಂದೆ, ಆದರೂ ಸೂತ್ರ ನನ್ನ ಕೈಯಲ್ಲಿದೆ ಎನ್ನುತ್ತಿದ್ದಾರೆ.

ಆ ಪದ ಜಪಾನಿನಲ್ಲಿ ಮುಂದೆ ಏನಾಯಿತು ಎಂಬುದನ್ನೂ ಹೇಳಬೇಕು, ಮುಚ್ಚಿಡಬಾರದು. ಅಲ್ಲಿ ಸತ್ತವರಿಗೆ ಭಿಕ್ಷುಗಳು ಒಂದು ಧರ್ಮನಾಮ ಕೊಟ್ಟು ಗೋರಿಯ ಕಲ್ಲಿನ ಮೇಲೆ ಕೆತ್ತಿಸುತ್ತಾರೆ. ಅಸ್ಪೃಶ್ಯರಂತೆ ಹೊರಗಿಟ್ಟಿದ್ದ ಸಮುದಾಯಗಳವರಿಗೆ ಎಷ್ಟೋ ಕಡೆ ಬೇಕೆಂದೇ ಹೀನಾಕ್ಷರಗಳ ಹೆಸರು ಕೊಟ್ಟರು. ಅಂಥ ಅಕ್ಷರಗಳಲ್ಲಿ ‘ಸೆಂದಾರ’ವೂ ಸೇರಿತ್ತು. ಸತ್ತ ಮೇಲೂ ಜಾತಿ ತಿಳಿಯಲಿ ಎಂದು ಬೌದ್ಧ ವಿಹಾರದ ಕೈಯೇ ಅದನ್ನು ಕೆತ್ತಿಸಿತು. ಆ ಸಮುದಾಯಗಳ ಹೋರಾಟದಿಂದ ಇಪ್ಪತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಇದು ಬಯಲಿಗೆ ಬಂತು. ಪಂಥಗಳು ತಪ್ಪೊಪ್ಪಿಕೊಂಡು ಕಲ್ಲುಗಳನ್ನು ಬದಲಿಸಬೇಕಾಯಿತು. ಬುದ್ಧನ ಧರ್ಮ ಹೋದಲ್ಲೆಲ್ಲ ಜಾತಿ ಕರಗಿತು ಎಂದು ಭಾಷಣ ಮಾಡುವವರು ನಮ್ಮಲ್ಲೂ ಇದ್ದಾರೆ. ಅವರಿಗೆ ಇಷ್ಟನ್ನು ತಿಳಿಸಿ.

ಈಗ ಊಟದ ವಿಷಯ. ಸಾದೊದಲ್ಲಿ ನಿಚಿರೆನ್ ಅವರನ್ನು ಬದುಕಿಸಿದ್ದು ಯಾರು? ಒಬ್ಬ ಮುದುಕ, ಅವನ ಹೆಂಡತಿ. ಅವನು ಅಬುತ್ಸು-ಬೋ, ಅವಳು ಸೆನ್ನಿಚಿ-ಅಮ. ಅಬುತ್ಸು-ಬೋ ಜುಂತೊಕುವಿನ ಜೊತೆ ರಾಜಧಾನಿಯಿಂದ ಬಂದ ಯೋಧ ಎಂದು ಪರಂಪರೆ ಹೇಳುತ್ತದೆ. ಅಲ್ಲ, ಆತ ಸಾದೊದವನೇ ಇರಬೇಕು ಎನ್ನುವುದು ಇತ್ತೀಚಿನ ಸಂಶೋಧಕರ ಅಭಿಪ್ರಾಯ. ನನಗೆ ಎರಡನೆಯದೇ ಸರಿ ಎನಿಸುತ್ತದೆ. ಒಳ್ಳೆಯವನೊಬ್ಬ ಕಂಡರೆ ಅವನಿಗೆ ರಾಜಧಾನಿಯ ವಂಶಾವಳಿ ಕಟ್ಟುವುದು ಎಲ್ಲ ಊರಿನ ಚಾಳಿ. ಅವನ ಹೆಸರಿನಲ್ಲೇ ಅಮಿದಾ ಬುದ್ಧನ ಗುರುತಿದೆ. ಅಂದರೆ ನಿಚಿರೆನ್ ಬೈಯುತ್ತಿದ್ದ ಪಂಥದವರೇ ಮೊದಲು ಅನ್ನ ತಂದದ್ದು.

1278ರಲ್ಲಿ ನಿಚಿರೆನ್ ಸೆನ್ನಿಚಿ-ಅಮಳಿಗೆ ಬರೆದ ಪತ್ರದಲ್ಲಿ ಆ ರಾತ್ರಿಗಳ ನೆನಪಿದೆ. ಅಧಿಕಾರಿಗಳು, ಭಕ್ತರು ಹಗಲೂ ರಾತ್ರಿ ಗುಡಿಸಲಿನ ಹತ್ತಿರ ಕಾದು ಯಾರೂ ಬರದಂತೆ ನೋಡಿಕೊಳ್ಳುತ್ತಿದ್ದರು. ಆಗ ಅವಳು ಅನ್ನದ ಪೆಟ್ಟಿಗೆಯನ್ನು ಗಂಡನ ಬೆನ್ನಿಗೆ ಹೊರಿಸಿ ಕತ್ತಲಲ್ಲಿ ಕಳುಹಿಸುತ್ತಿದ್ದಳು, ಒಂದು ಸಲವಲ್ಲ, ಎಷ್ಟೋ ಸಲ. ಅದಕ್ಕೆ ಆ ಮನೆಯವರು ಬೆಲೆ ತೆತ್ತರು. ಊರಿನಿಂದ ಓಡಿಸಿದರು, ದಂಡ ಹಾಕಿದರು, ಮನೆ ಕಿತ್ತುಕೊಂಡರು. ತೀರಿಹೋದ ನನ್ನ ತಾಯಿಯೇ ಸಾದೊದಲ್ಲಿ ಮತ್ತೆ ಹುಟ್ಟಿ ಬಂದಳೇನೋ ಎನ್ನುವ ಅರ್ಥದ ಮಾತು ಆ ಪತ್ರದಲ್ಲಿದೆ. ನಾಳೆಯಿಂದ ಅದನ್ನೇ ಓದೋಣ, ಇಲ್ಲಿ ಹೆಚ್ಚು ಹೇಳುವುದಿಲ್ಲ.

1274ರ ಎರಡನೇ ತಿಂಗಳಲ್ಲಿ ಬಿಡುಗಡೆಯ ಆಜ್ಞೆಯಾಯಿತು, ಮುಂದಿನ ತಿಂಗಳು ನಿಚಿರೆನ್ ದ್ವೀಪ ಬಿಟ್ಟರು. ಆಮೇಲೆ ಅವರು ನೆಲೆಸಿದ್ದು ದೂರದ ಮಿನೊಬು ಬೆಟ್ಟದಲ್ಲಿ. ಹೆಂಡತಿ ಕಟ್ಟಿಕೊಟ್ಟ ಬುತ್ತಿ, ಕಾಣಿಕೆ ಹೊತ್ತು ಆ ಮುದುಕ ಕಡಲು ದಾಟಿ, ಬೆಟ್ಟ ಹತ್ತಿ ಅಲ್ಲಿಗೆ ಮೂರು ಸಲ ಹೋಗಿಬಂದ. 1279ರಲ್ಲಿ ಅವನು ಸತ್ತಾಗ ಮಗ ಅಸ್ಥಿಯನ್ನು ಹೊತ್ತು ಅದೇ ದಾರಿಯಲ್ಲಿ ನಡೆದ. ಅವರ ಮನೆಯಿಂದ ಬೆಳೆದದ್ದೆನ್ನುವ ಮ್ಯೋಸೆನ್-ಜಿ ಎಂಬ ವಿಹಾರ ಸಾದೊದಲ್ಲಿ ಇಂದಿಗೂ ಇದೆ. ಸೆನ್ನಿಚಿ-ಅಮ ತಾನಾಗಿ ಬರೆದದ್ದು ಒಂದಕ್ಷರವೂ ನಮಗೆ ಸಿಕ್ಕಿಲ್ಲ. ಅವಳ ಹೆಸರು ಉಳಿದದ್ದು ಉತ್ತರ ಬರೆದವರ ಕಾಗದದಲ್ಲಿ.

ಆಮೇಲಿನವರನ್ನು ಬೇಗ ಹೇಳಿ ಮುಗಿಸುತ್ತೇನೆ. 1325ರಲ್ಲಿ ಹಿನೊ ಸುಕೆತೊಮೊ ಎಂಬ ಆಸ್ಥಾನಿಕ ಬಂದ, 1332ರಲ್ಲಿ ಅಲ್ಲೇ ಕೊಲ್ಲಲ್ಪಟ್ಟ. 1434ರಲ್ಲಿ ನೋ ನಾಟಕದ ಮಹಾಗುರು ಜೆಯಾಮಿ ಬಂದರು, ಆಗ ಅವರಿಗೆ ಎಪ್ಪತ್ತು ದಾಟಿತ್ತು. ಶೋಗುನ್ ಅವರನ್ನು ಯಾಕೆ ಕಳುಹಿಸಿದ ಎಂಬುದಕ್ಕೆ ಖಚಿತ ದಾಖಲೆಯಿಲ್ಲ. ಅವರು ದ್ವೀಪದಲ್ಲಿದ್ದುಕೊಂಡು ‘ಕಿಂತೊ-ಶೋ’ ಎಂಬ ಪುಟ್ಟ ಕೃತಿ ಬರೆದರು. ಹೆಸರಿನ ಅರ್ಥ ಚಿನ್ನದ ದ್ವೀಪದ ಬರಹ. ಸಾದೊದಲ್ಲಿ ಇವತ್ತಿಗೂ ಮೂವತ್ತಕ್ಕೂ ಹೆಚ್ಚು ನೋ ರಂಗಮಂಟಪಗಳಿವೆ, ಹಳ್ಳಿಯ ರೈತರು ಅಲ್ಲಿ ನಾಟಕ ಆಡುತ್ತಾರೆ. ಅದು ಜೆಯಾಮಿ ಬಿಟ್ಟುಹೋದ ವರ ಎಂದು ಪ್ರವಾಸಿಗರಿಗೆ ಹೇಳುವುದುಂಟು. ನಿಜವಾಗಿ ಅದಕ್ಕೆ ಕಾರಣ ಅವರ ನಂತರ ನೂರೆಪ್ಪತ್ತು ವರ್ಷಕ್ಕೆ ಬಂದ ಓಕುಬೊ ನಾಗಾಯಾಸು ಎಂಬ ಅಧಿಕಾರಿ. ಅವನ ಮನೆತನದ ಮೂಲ ವೃತ್ತಿಯೇ ನಾಟಕವಾಗಿತ್ತು, ಕಲಾವಿದರನ್ನು ಜೊತೆಗೆ ಕರೆತಂದ. ಅವನು ಬಂದದ್ದು ನಾಟಕಕ್ಕಲ್ಲ, ಚಿನ್ನಕ್ಕೆ.

ಸಾದೊದಲ್ಲಿ ಚಿನ್ನವಿದೆ ಎಂಬ ಮಾತು ಬಹಳ ಹಳೆಯದು. ಹನ್ನೆರಡನೇ ಶತಮಾನದ ‘ಕೊಂಜಾಕು ಮೊನೊಗತಾರಿ’ ಕಥಾಸಂಗ್ರಹದಲ್ಲಿ ಕಬ್ಬಿಣ ಅಗೆಯುವವನೊಬ್ಬ ಒಂಟಿಯಾಗಿ ಸಾದೊಗೆ ಹೋಗಿ ಚಿನ್ನ ತಂದು, ಆಮೇಲೆ ಕಾಣೆಯಾಗುವ ಕಥೆಯಿದೆ. ಅದೇ ಸಂಗ್ರಹದ ಮೊದಲ ಐದು ಸಂಪುಟಗಳು ಪೂರ್ತಿ ಭಾರತದ ಕಥೆಗಳು, ಬುದ್ಧನ ಜೀವನದಿಂದಲೇ ಶುರುವಾಗುತ್ತವೆ. ಆಸಕ್ತಿ ಇದ್ದವರು ಹುಡುಕಿ ಓದಿ. ದೊಡ್ಡ ಗಣಿ ತೆರೆದದ್ದು 1601ರಲ್ಲಿ, ಅಯಿಕಾವ ಎಂಬಲ್ಲಿ. ಶೋಗುನ್ ತೊಕುಗಾವ ಮನೆತನ ದ್ವೀಪವನ್ನು ನೇರವಾಗಿ ತನ್ನ ಕೈಗೆ ತೆಗೆದುಕೊಂಡಿತು. ಕೈಯಲ್ಲೇ ಅಗೆದು ಅಗೆದು ಒಂದು ಬೆಟ್ಟದ ನೆತ್ತಿಯನ್ನು ಎರಡು ಹೋಳು ಮಾಡಿದ್ದಾರೆ. ಆ ಸೀಳು 30 ಮೀಟರ್ ಅಗಲ, 74 ಮೀಟರ್ ಆಳ. 1989ರಲ್ಲಿ ಗಣಿ ನಿಲ್ಲುವವರೆಗೆ ಒಟ್ಟು 78 ಟನ್ ಚಿನ್ನ, 2,330 ಟನ್ ಬೆಳ್ಳಿ ತೆಗೆದರಂತೆ. ನಮ್ಮ ಕೋಲಾರದ ಗಣಿಯನ್ನು ಕಂಡವರಿಗೆ ಇದರ ಮುಂದಿನ ಮಾತು ಊಹಿಸುವುದು ಕಷ್ಟವಲ್ಲ. ಆಳಕ್ಕೆ ಇಳಿದಷ್ಟೂ ನೀರು. ಅಯಿಕಾವದ ಸುರಂಗಗಳು ಸಮುದ್ರಮಟ್ಟಕ್ಕಿಂತಲೂ ಕೆಳಗೆ ಹೋದವು. ನೀರನ್ನು ಹಗಲೂ ರಾತ್ರಿ ಮೇಲಕ್ಕೆ ಎತ್ತದಿದ್ದರೆ ಗಣಿ ಮುಳುಗುತ್ತದೆ. ಆ ಕೆಲಸಕ್ಕೆ ಕೂಲಿ ಕೊಟ್ಟರೂ ಜನ ಸಾಲುತ್ತಿರಲಿಲ್ಲ.

1778ರಿಂದ ಸರ್ಕಾರ ಹೊಸ ದಾರಿ ಹಿಡಿಯಿತು. ಎದೊ ಮೊದಲಾದ ನಗರಗಳ ಬೀದಿಗಳಿಂದ ‘ಮುಶುಕು’ಗಳನ್ನು ಹಿಡಿದು ಸಾದೊಗೆ ಸಾಗಿಸಿತು. ಮುಶುಕು ಎಂದರೆ ನೆಲೆಯಿಲ್ಲದವನು. ಸ್ವಲ್ಪ ವಿವರಿಸಬೇಕು. ಆ ಕಾಲದಲ್ಲಿ ಪ್ರತಿಯೊಬ್ಬನ ಹೆಸರೂ ಊರಿನ ಪಟ್ಟಿಯಲ್ಲಿರಬೇಕು, ಇವನು ನಮ್ಮ ಶಿಷ್ಯ ಎಂದು ಒಂದು ಬೌದ್ಧ ವಿಹಾರ ದೃಢೀಕರಿಸಬೇಕು. ಕ್ರೈಸ್ತರನ್ನು ಪತ್ತೆ ಮಾಡಲೆಂದು ಶುರುವಾದ ಈ ಪದ್ಧತಿ ಕೊನೆಗೆ ಇಡೀ ದೇಶದ ಜನಗಣತಿಯಾಯಿತು. ಬರ ಬಂದು ಹೊಲ ಬಿಟ್ಟು ಹೋದವನ, ಅಪ್ಪ ಮನೆಯಿಂದ ಹೊರಗೆ ಹಾಕಿದವನ ಹೆಸರು ಪಟ್ಟಿಯಿಂದ ಬಿದ್ದುಹೋಗುತ್ತಿತ್ತು. ಹೆಸರು ಬಿದ್ದವನು ಮುಶುಕು. ಹೀಗೆ ಸಾದೊಗೆ ಹೋದವರಲ್ಲಿ ಯಾವ ಅಪರಾಧವೂ ಮಾಡದವರೂ ಇದ್ದರು. ಆರಂಭದಲ್ಲಿ ಹೇಳಿದೆನಲ್ಲ, ಕಚೇರಿ ಮತ್ತು ವಿಹಾರದ ಜೋಡಿ ಎಂದು? ಅದು ಬಂದು ಮುಟ್ಟಿದ್ದು ಇಲ್ಲಿಗೆ. ಅನಾಥಪಿಂಡಿಕ ಎಂಬ ಹೆಸರನ್ನು ಗೌರವದಿಂದ ಹೇಳುವ ಧರ್ಮದ ಮನೆಯಲ್ಲಿ ಅನಾಥನನ್ನು ಅನಾಥ ಎಂದು ಗುರುತಿಸುವ ಪುಸ್ತಕ ಇತ್ತು.

ಸುಮಾರು ಎಂಬತ್ತು ವರ್ಷಗಳಲ್ಲಿ ಹೀಗೆ ಸಾದೊಗೆ ಹೋದವರು ಹೆಚ್ಚುಕಡಿಮೆ 1,800 ಮಂದಿ. ಕತ್ತಲಲ್ಲಿ, ಎಣ್ಣೆದೀಪದ ಹೊಗೆಯಲ್ಲಿ, ಸರದಿಯ ಮೇಲೆ ನೀರು ಎತ್ತುವುದೇ ಬದುಕು. ಅಯಿಕಾವದಲ್ಲಿ ಅವರ ಒಂದು ಗೋರಿ ಇದೆ. 1853ರ ಕಲ್ಲು. ಅದರ ಮೇಲೆ 28 ಮಂದಿಯ ಹೆಸರು, ಊರು, ವಯಸ್ಸು, ಜೊತೆಗೆ ಧರ್ಮನಾಮ ಕೆತ್ತಿದ್ದಾರೆ. ಬದುಕಿದ್ದಾಗ ಪಟ್ಟಿಯಲ್ಲಿ ಇಲ್ಲದ ಹೆಸರು ಸತ್ತ ಮೇಲೆ ಕಲ್ಲಿಗೆ ಬಂತು. ಉಳಿದವರದ್ದು ಬರಲಿಲ್ಲ.

ಸಾದೊದ ಚಿನ್ನ ಕಡಲು ದಾಟಿ ಇಳಿಯುತ್ತಿದ್ದ ಬಂದರು ಇಜುಮೊಜಾಕಿ. ನಮ್ಮ ಬಳಗ ಪ್ರೀತಿಸುವ ಜೆನ್ ಕವಿ ರ್ಯೋಕಾನ್ ಹುಟ್ಟಿದ್ದು ಅಲ್ಲೇ, 1758ರಲ್ಲಿ. ತಂದೆ ಆ ಊರಿನ ಪಟೇಲ, ತಾಯಿ ಸಾದೊದ ಹೆಣ್ಣುಮಗಳು. ಮೊದಲ ಮುಶುಕುಗಳು ಸಾದೊಗೆ ಹೋದಾಗ ರ್ಯೋಕಾನ್‌ಗೆ ಇಪ್ಪತ್ತು ವರ್ಷ. ಪಟೇಲಿಕೆ ಬೇಡವೆಂದು ಮನೆ ಬಿಟ್ಟು ಸಂನ್ಯಾಸಿಯಾದವರು ಅವರು. ಕಾರಣ ಇದೇ ಎಂದು ನಾನು ಹೇಳುವುದಿಲ್ಲ.

1871ರಲ್ಲಿ ಸಾದೊ ಪ್ರಾಂತ್ಯದ ಕಥೆ ಮುಗಿಯಿತು. ಮೇಜಿ ಸರ್ಕಾರ ಅದನ್ನು ಅಯಿಕಾವ ಆಡಳಿತಕ್ಕೆ ತಂದಿತು, 1876ರಲ್ಲಿ ನಿಯಿಗಾತಕ್ಕೆ ಸೇರಿಸಿತು. 2004ರಿಂದ ಇಡೀ ದ್ವೀಪ ಒಂದೇ ನಗರಸಭೆ. ಗಣಿ ಮಾತ್ರ ನಿಲ್ಲಲಿಲ್ಲ. 1896ರಲ್ಲಿ ಅದನ್ನು ಮಿತ್ಸುಬಿಶಿ ಕೊಂಡಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿನ ಗಂಡಸರು ಸೈನ್ಯಕ್ಕೆ ಹೋದಾಗ, ಜಪಾನಿನ ವಸಾಹತಾಗಿದ್ದ ಕೊರಿಯಾದಿಂದ ಸುಮಾರು 1,500 ಮಂದಿಯನ್ನು ಇಲ್ಲಿಗೆ ತಂದರು. ಅಪಾಯದ ಕೆಲಸಗಳಲ್ಲಿ ಹೆಚ್ಚಿನವು ಇವರ ಪಾಲಿಗೆ ಬಂದವು. ಗಡಿಪಾರಿನ ಕಾನೂನು ಯಾವತ್ತೋ ಹೋಗಿತ್ತು, ದೋಣಿ ಮಾತ್ರ ಬರುತ್ತಲೇ ಇತ್ತು.

ಇದರ ಇತ್ತೀಚಿನ ಅಧ್ಯಾಯ ನಡೆದದ್ದು ನಮ್ಮ ದೆಹಲಿಯಲ್ಲಿ. 2024ರ ಜುಲೈನಲ್ಲಿ ಯುನೆಸ್ಕೊ ವಿಶ್ವಪರಂಪರೆ ಸಮಿತಿ ಅಲ್ಲಿ ಸಭೆ ಸೇರಿ ಸಾದೊ ಚಿನ್ನದ ಗಣಿಗಳನ್ನು ಪಟ್ಟಿಗೆ ಸೇರಿಸಿತು. ಜಪಾನ್ ಕೇಳಿದ್ದು ಎದೊ ಕಾಲದವರೆಗಿನ ಕೈಕೆಲಸದ ಗಣಿಗಾರಿಕೆಗೆ ಮಾನ್ಯತೆ. ಹಾಗಾದರೆ ನಮ್ಮವರ ಕಥೆ ಎಲ್ಲಿ ಎಂದು ದಕ್ಷಿಣ ಕೊರಿಯಾ ಕೇಳಿತು. ಗಣಿಯ ಪೂರ್ತಿ ಚರಿತ್ರೆ ಹೇಳುತ್ತೇವೆ, ಸತ್ತವರಿಗೆ ಪ್ರತಿವರ್ಷ ಗೌರವ ಸಲ್ಲಿಸುತ್ತೇವೆ ಎಂದು ಜಪಾನ್ ಒಪ್ಪಿದ ಮೇಲೆ ಕೊರಿಯಾ ಹೂಂ ಅಂದಿತು. ಅಯಿಕಾವದ ಸಣ್ಣ ವಸ್ತುಸಂಗ್ರಹಾಲಯದಲ್ಲಿ ಕೊರಿಯಾದ ಕಾರ್ಮಿಕರ ಬಗ್ಗೆ ಫಲಕಗಳು ಬಂದವು. ಆದರೆ ಆ ವರ್ಷ ನವೆಂಬರ್ 24ರಂದು ಮೊದಲ ಸ್ಮರಣೆ ನಡೆದಾಗ ಕೊರಿಯಾದವರು ಅದಕ್ಕೆ ಬರಲಿಲ್ಲ. ಮರುದಿನ, ತಮ್ಮವರು ಮಲಗುತ್ತಿದ್ದ ವಸತಿಗೃಹ ಇದ್ದ ಜಾಗದಲ್ಲಿ ತಾವೇ ಬೇರೆಯಾಗಿ ನಮಸ್ಕರಿಸಿದರು.

ಆ ವಸತಿಗೃಹಕ್ಕೆ ಸಂಬಂಧಿಸಿದ ಒಂದು ಪುಸ್ತಕ ಉಳಿದಿದೆ. ಕಾರ್ಮಿಕರ ಪಟ್ಟಿಯೆಂದು ಬರೆದದ್ದಲ್ಲ, ಯುದ್ಧಕಾಲದ ರೇಷನ್ನಿನ ತಂಬಾಕು ಯಾರಿಗೆ ಕೊಟ್ಟೆವು ಎಂಬ ಲೆಕ್ಕ. ಅದರಲ್ಲಿ ಕೆಲವು ನೂರು ಕೊರಿಯನ್ ಹೆಸರುಗಳಿವೆ. ಅವರ ಮೊಮ್ಮಕ್ಕಳು ಈಗ ಹುಡುಕುವುದು ಆ ಪುಟಗಳಲ್ಲಿ.

ನಾಳೆ ಸೆನ್ನಿಚಿ-ಅಮಳಿಗೆ ಬರೆದ 1278ರ ಪತ್ರದ ಮೊದಲ ಭಾಗ. ಪುಸ್ತಕ ಇಲ್ಲದವರಿಗೆ ಇವತ್ತು ರಾತ್ರಿ ಪುಟಗಳ ಫೋಟೊ ಗುಂಪಿಗೆ ಹಾಕುತ್ತೇನೆ. ಅನ್ನದ ಪೆಟ್ಟಿಗೆ ಬರುವ ಭಾಗವನ್ನು ಈ ಸಲ ಹೆಣ್ಣುಮಕ್ಕಳಲ್ಲಿ ಯಾರಾದರೂ ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿ ಕಳುಹಿಸಿದರೆ ಚೆನ್ನ.